ಮಕ್ಕಳನ್ನು ಹೊರಗಿಟ್ಟ ಮೌನ ಯಾರಿಗಾಗಿ?

(ಪತ್ರದ ಸಾರಾಂಶ: ಕಲಾ ವಸ್ತುಸಂಗ್ರಹಾಲಯಗಳು ಈಚೆಗೆ ಆಟದ ಮೈದಾನಗಳಾಗುತ್ತಿವೆ. ಚಿತ್ರಗಳ ಮುಂದೆಯೇ ಮಕ್ಕಳು ಕಾಗದ ಹರಡಿಕೊಂಡು ಗೀಚುತ್ತಾರೆ, ಹೆತ್ತವರು ಗಟ್ಟಿ ದನಿಯಲ್ಲಿ ವಿವರಿಸುತ್ತಾರೆ. ಹಳೆಯ ವಸ್ತುಗಳು ಕೈ ತಾಗಿ ಹಾಳಾಗುತ್ತವೆ. ಕಲೆ ಅರ್ಥವಾಗುವ ವಯಸ್ಸು ಬರುವವರೆಗೆ, ಅಂದರೆ ಹನ್ನೆರಡು ತುಂಬುವವರೆಗೆ, ಮಕ್ಕಳನ್ನು ಮುಖ್ಯ ಗ್ಯಾಲರಿಗಳಿಗೆ ಬಿಡಬಾರದು. ಅವರಿಗೆಂದು ಬೇರೆ ಕೋಣೆ ಇರಲಿ. ಈ ಬೇಡಿಕೆಯನ್ನು ಪತ್ರಿಕೆ ಬೆಂಬಲಿಸುವುದೇ?)

ಮಾನ್ಯರೇ,

ನಿಮ್ಮ ಪತ್ರದ ಒಂದೊಂದು ಸಾಲಿನಲ್ಲೂ ಕಲೆಯ ಮೇಲಿನ ಪ್ರೀತಿ ಕಾಣುತ್ತದೆ. ಒಂದು ಚಿತ್ರದ ಮುಂದೆ ಅರ್ಧ ಗಂಟೆ ನಿಲ್ಲಬಲ್ಲವರು ಎಷ್ಟು ಅಪರೂಪವೆಂದು ನನಗೆ ಗೊತ್ತು. ಅಂಥವರ ಏಕಾಂತಕ್ಕೆ ಭಂಗ ಬಂದಾಗ ಆಗುವ ನೋವು ನಿಜವಾದದ್ದು. ಹಳೆಯ ಬಟ್ಟೆ, ಕಾಗದ, ಅರಗುಗಳು ಕೈ ತಾಗಿದರೆ ಹಾಳಾಗುತ್ತವೆ ಎಂಬ ನಿಮ್ಮ ಮಾತನ್ನೂ ಒಪ್ಪುತ್ತೇನೆ. ಆದರೆ ಅಲ್ಲಿಂದ ನೀವು ಮುಟ್ಟಿರುವ ತೀರ್ಮಾನವನ್ನು ನಾನು ಒಪ್ಪಲಾರೆ. ಅಸಲಿ ವಸ್ತುವನ್ನು ನೋಡುವ ಹಕ್ಕು ಮಗುವಿಗೆ ಹನ್ನೆರಡನೆಯ ಹುಟ್ಟುಹಬ್ಬದಂದು ಬರುವುದಿಲ್ಲ, ಅದು ಮೊದಲಿನಿಂದಲೂ ಇದೆ. ಬೇರೆ ಕೋಣೆಯಲ್ಲಿ ಪ್ಲಾಸ್ಟಿಕ್ಕಿನ ಪ್ರತಿಕೃತಿಯನ್ನೂ ಮಿನುಗುವ ಪರದೆಯನ್ನೂ ಕೊಟ್ಟು ಕೂರಿಸಿದರೆ ಅಸಲಿಯಾದದ್ದು ದೊಡ್ಡವರಿಗೆ ಮಾತ್ರ ಎಂಬ ಪಾಠವನ್ನೇ ಮಗುವಿಗೆ ಕಲಿಸಿದಂತಾಗುತ್ತದೆ, ಮತ್ತು ಆ ಪಾಠ ಜೀವನವಿಡೀ ಉಳಿಯುತ್ತದೆ.

ಅರ್ಥವಾಗುವ ವಯಸ್ಸು ಎಂದಿರಿ. ದೊಡ್ಡವರು ಎಷ್ಟು ನೋಡುತ್ತಾರೆಂಬುದನ್ನು ಮೊದಲು ಗಮನಿಸೋಣ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಸಂದರ್ಶಕರು ಒಂದು ಕಲಾಕೃತಿಯ ಮುಂದೆ ಕಳೆಯುವ ಸಮಯವನ್ನು ಸಂಶೋಧಕರು ಅಳೆದು 2001ರಲ್ಲಿ ಪ್ರಕಟಿಸಿದರು. ಸರಾಸರಿ ಸುಮಾರು 27 ಸೆಕೆಂಡು. ಅದರಲ್ಲೂ ಅರ್ಧದಷ್ಟು ನೋಟಗಳು 17 ಸೆಕೆಂಡಿನೊಳಗೇ ಮುಗಿದಿದ್ದವು. ಪ್ರಸಿದ್ಧ ಕೃತಿಗಳ ಮುಂದೆ ಮೌನವಾಗಿ, ಶಿಸ್ತಾಗಿ ನಡೆದುಹೋದ ವಯಸ್ಕರ ಲೆಕ್ಕವಿದು. ಮೌನವಿದ್ದ ಕಡೆಯಲ್ಲೆಲ್ಲ ನೋಟವೂ ಇರುತ್ತದೆಂದು ನಾವು ಭಾವಿಸಿಕೊಂಡಿದ್ದೇವೆ.

ಮಕ್ಕಳು ನೋಡುವ ಬಗೆಯೇ ಬೇರೆ, ಅದನ್ನು ಹತ್ತಿರದಿಂದ ಕಂಡವರಿಗೆ ಗೊತ್ತು. ವಿನ್ಯಾಸದ ವಸ್ತುಗಳನ್ನಿಟ್ಟ ಗ್ಯಾಲರಿಯೊಂದರಲ್ಲಿ ಆರೇಳು ವರ್ಷದ ಹುಡುಗಿಯೊಬ್ಬಳು ಬೆತ್ತದ ಆಸನದ ಒಂದು ಮರದ ಕುರ್ಚಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತದ್ದು ನನಗೆ ಚೆನ್ನಾಗಿ ನೆನಪಿದೆ. ಕುರ್ಚಿ ಎತ್ತರದ ಕಟ್ಟೆಯ ಮೇಲಿದ್ದುದರಿಂದ ಅವಳಿಗೆ ಆಸನದ ತಳಭಾಗ ಕಾಣುತ್ತಿತ್ತು, ನಮಗೆ ಕಾಣುತ್ತಿರಲಿಲ್ಲ. ಹಿಂಗಾಲಿನಿಂದ ಹೊರಟ ಮರ ಬೆನ್ನಿನವರೆಗೆ ಏರಿ, ಬಾಗಿ, ಮತ್ತೊಂದು ಹಿಂಗಾಲಾಗಿ ಇಳಿಯುವುದನ್ನು ಅವಳು ಗಾಳಿಯಲ್ಲಿ ಬೆರಳಾಡಿಸುತ್ತ ಹಿಂಬಾಲಿಸಿದಳು. ಆಮೇಲೆ ತಾಯಿಯತ್ತ ತಿರುಗಿ, "ಅಮ್ಮಾ, ಇದಕ್ಕೆ ಜೋಡಣೆಯೇ ಇಲ್ಲ. ಮರ ಹೇಗೆ ಬಗ್ಗಿತು?" ಎಂದು ಕೇಳಿದಳು. ತಾಯಿಗೆ ಉತ್ತರ ತಿಳಿದಿರಲಿಲ್ಲ. ಇಬ್ಬರೂ ಫಲಕದ ಮೇಲೆ ಬಗ್ಗಿ ಓದಿದರು. ಅಲ್ಲಿ ತಯಾರಕರ ಹೆಸರು, ಮರದ ಜಾತಿ, ಇಸವಿ ಇದ್ದವು. ಬಗ್ಗಿಸಿದ ಬಗೆ ಇರಲಿಲ್ಲ.

ಅದು ಪೀಠೋಪಕರಣ ತಯಾರಿಸುವ ಥೋನೆಟ್ ಸಂಸ್ಥೆಯ 14ನೇ ಸಂಖ್ಯೆಯ ಕುರ್ಚಿ, 1859ರಲ್ಲಿ ಮಾರುಕಟ್ಟೆಗೆ ಬಂದದ್ದು. ಬೀಚ್ ಮರದ ಕೋಲನ್ನು ಹಬೆಯಲ್ಲಿ ಮೆದುವಾಗಿಸಿ, ಹೊರಮೈ ಸೀಳದಂತೆ ಲೋಹದ ಪಟ್ಟಿ ಕಟ್ಟಿ, ಕಬ್ಬಿಣದ ಅಚ್ಚಿಗೆ ಬಿಗಿದು ಒಣಗಿಸಿದರೆ ಆ ಬಾಗು ಹಾಗೆಯೇ ನಿಲ್ಲುತ್ತದೆ. ಪ್ರಸಿದ್ಧವಾದ ರೂಪದಲ್ಲಿ ಇಡೀ ಕುರ್ಚಿಗೆ ಮರದ ಆರು ತುಂಡು, ಹತ್ತು ತಿರುಪುಮೊಳೆ, ಎರಡು ನಟ್ಟು ಸಾಕು. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಯುತ್ತಿದ್ದವು, ಆದ್ದರಿಂದಲೇ ಅವು ಹಡಗೇರಿ ದೂರ ದೂರದ ಉಪಾಹಾರಗೃಹಗಳನ್ನು ತಲುಪಿದವು. ಆರು ವರ್ಷದ ಮಗು ಆರು ತುಂಡುಗಳನ್ನು ಎಣಿಸಬಲ್ಲದು. ವಿನ್ಯಾಸವೆಂದರೇನು ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತಿಳಿಯದು. ಆ ಹುಡುಗಿ ಕೇಳಿದ್ದು ಆ ಕುರ್ಚಿಯ ಬಗ್ಗೆ ಕೇಳಬಹುದಾದ ಮುಖ್ಯ ಪ್ರಶ್ನೆ. ನೀವು ಹೇಳುವ ನಿಯಮವಿದ್ದಿದ್ದರೆ ಅವಳು ಆ ಹೊತ್ತಿನಲ್ಲಿ ಬೇರೆ ಕೋಣೆಯಲ್ಲಿ ಕುರ್ಚಿಯ ಚಿತ್ರಕ್ಕೆ ಬಣ್ಣ ತುಂಬುತ್ತಿರುತ್ತಿದ್ದಳು.

ವಿನ್ಯಾಸದ ಮ್ಯೂಸಿಯಂಗಳು ಸಾಮಾನ್ಯ ಜನರಿಗೂ ಬಾಗಿಲು ತೆರೆದೇ ಬೆಳೆದವು ಎಂಬುದನ್ನೂ ಮರೆಯಬಾರದು. ಇಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ (ವಿ ಅಂಡ್ ಎ) ಎಂದು ಕರೆಯುವ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ 1857ರಲ್ಲಿ ತೆರೆದಾಗ ಅದರ ಹೊಣೆ ಹೊತ್ತ ಹೆನ್ರಿ ಕೋಲ್ ಗ್ಯಾಸ್ ದೀಪ ಹಾಕಿಸಿ ಸಂಜೆಯೂ ಬಾಗಿಲು ತೆರೆದಿಟ್ಟರು. ಹಗಲೆಲ್ಲ ದುಡಿಯುವವರಿಗೆ ನೋಡಲು ಸಂಜೆಯಷ್ಟೇ ಸಿಗುತ್ತದೆಂಬುದು ಅವರಿಗೆ ಗೊತ್ತಿತ್ತು. ಅದೇ ಸಂಸ್ಥೆಯ ಶಾಖೆಯಾಗಿ 1872ರಲ್ಲಿ ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿ ಇನ್ನೊಂದು ತೆರೆಯಿತು. ಅಲ್ಲಿ ಬೇಸರದಿಂದ ಅಲೆದಾಡುತ್ತಿದ್ದ ಮಕ್ಕಳನ್ನು ಕಂಡ ಮುಖ್ಯಸ್ಥ ಆರ್ಥರ್ ಸಾಬಿನ್ 1920ರ ದಶಕದಲ್ಲಿ ಅವರನ್ನು ಗದರಿಸಿ ಕಳಿಸುವ ಬದಲು ಪ್ರದರ್ಶನವನ್ನೇ ಅವರಿಗೆ ಒಪ್ಪುವಂತೆ ಬದಲಿಸತೊಡಗಿದರು. 1974ರಲ್ಲಿ ಆ ಕಟ್ಟಡ ಬಾಲ್ಯದ ಮ್ಯೂಸಿಯಂ ಆಯಿತು, 2023ರಲ್ಲಿ ಯಂಗ್ ವಿ ಅಂಡ್ ಎ ಎಂಬ ಹೆಸರಿನಲ್ಲಿ ಮತ್ತೆ ತೆರೆದು ಮರುವರ್ಷ ಬ್ರಿಟನ್ನಿನ ವರ್ಷದ ಮ್ಯೂಸಿಯಂ ಪ್ರಶಸ್ತಿ ಪಡೆಯಿತು. ಬೇಸರಗೊಂಡ ಮಗುವನ್ನು ಒಬ್ಬ ಅಧಿಕಾರಿ ಮನಸ್ಸಿಟ್ಟು ಗಮನಿಸಿದ್ದರಿಂದ ಇಷ್ಟೆಲ್ಲ ಆರಂಭವಾಯಿತು.

ನಿಮ್ಮ ವಾದಕ್ಕೆ ಬಲ ಕೊಡುವ ಉದಾಹರಣೆಯೂ ಇದೆ, ಅದನ್ನು ಬಚ್ಚಿಡುವುದು ಸರಿಯಲ್ಲ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಶಿಕ್ಷಣ ವಿಭಾಗವನ್ನು ಕಟ್ಟಿದ ವಿಕ್ಟರ್ ಡಾಮಿಕೊ 1942ರಲ್ಲಿ ಮಕ್ಕಳ ಕಲಾ ಜಾತ್ರೆಯೊಂದನ್ನು ಆರಂಭಿಸಿದರು; ಅದಕ್ಕೆ ಮಕ್ಕಳ ಆಕಾರಕ್ಕೆ ಕೊರೆದ ಪುಟ್ಟ ಬಾಗಿಲಿಟ್ಟು, ಹೆತ್ತವರನ್ನು ಹೊರಗೇ ನಿಲ್ಲಿಸಿದ್ದರು. 1963ರಲ್ಲಿ ಆ ಜಾತ್ರೆ ದೆಹಲಿಗೂ ಬಂದಿತ್ತು. ಬೇರೆ ಕೋಣೆ ಎಂದರೆ ಇದೇ ತಾನೇ ಎಂದು ನೀವು ಕೇಳಬಹುದು. ಆದರೆ ಅವರು ದೂರವಿಟ್ಟದ್ದು ದೊಡ್ಡವರ ಅವಸರವನ್ನು, "ಹಾಗಲ್ಲ, ಹೀಗೆ ಬರೆ" ಎಂಬ ತಿದ್ದುಪಡಿಯನ್ನು. ಬಣ್ಣ ತುಂಬುವ ಪುಸ್ತಕಗಳನ್ನೂ ಬಹುಮಾನದ ಸ್ಪರ್ಧೆಗಳನ್ನೂ ಅವರು ಕಡೆಯವರೆಗೆ ವಿರೋಧಿಸಿದರು. ತಂದೆತಾಯಿ ಮತ್ತು ಮಕ್ಕಳು ಜೊತೆಗೆ ಕುಳಿತು ಕೆಲಸ ಮಾಡುವ ತರಗತಿಗಳನ್ನೂ ಅದೇ ಮ್ಯೂಸಿಯಂ ನಡೆಸಿತು. ಇಟಲಿಯ ವಿನ್ಯಾಸಕಾರ ಬ್ರೂನೊ ಮುನಾರಿ 1977ರಲ್ಲಿ ಮಿಲಾನಿನ ಬ್ರೆರಾ ಚಿತ್ರಶಾಲೆಯೊಳಗೇ ಮಕ್ಕಳ ಕಾರ್ಯಾಗಾರ ತೆರೆದರು. ಏನು ಮಾಡಬೇಕೆಂದು ಮಕ್ಕಳಿಗೆ ಹೇಳದೆ, ಹೇಗೆ ಮಾಡಬಹುದೆಂದು ತೋರಿಸಿ ಬಿಟ್ಟುಬಿಡುವುದು ಅವರ ಕ್ರಮವಾಗಿತ್ತು.

ಗಟ್ಟಿಯಾಗಿ ವಿವರಿಸುವ ಹೆತ್ತವರ ಬಗ್ಗೆ ನಿಮ್ಮ ದೂರು ನ್ಯಾಯವಾದದ್ದೇ, ನನ್ನ ದೂರು ಅದಕ್ಕಿಂತ ದೊಡ್ಡದು. ಮಗು ಚಿತ್ರದ ಮೂಲೆಯಲ್ಲಿರುವ ನಾಯಿಯನ್ನು ನೋಡುತ್ತಿರುವಾಗಲೇ ಕಲಾವಿದನ ಹೆಸರು, ಶತಮಾನ, ಶೈಲಿಗಳನ್ನು ಅದರ ಕಿವಿಗೆ ತುಂಬಿ, ನಾಳೆ ಪರೀಕ್ಷೆ ಇದೆಯೇನೋ ಎಂಬಂತೆ ಒಪ್ಪಿಸಲು ಹೇಳುವವರನ್ನು ಕಂಡು ಸಂಕಟವಾಗುತ್ತದೆ. ಮನೋವಿಜ್ಞಾನಿ ಅಬಿಗೇಲ್ ಹೌಸನ್ ಮತ್ತು ಮ್ಯೂಸಿಯಂ ಶಿಕ್ಷಕ ಫಿಲಿಪ್ ಯೆನವೈನ್ ರೂಪಿಸಿದ ಪದ್ಧತಿಯಲ್ಲಿ ದೊಡ್ಡವರು ಕೇಳುವುದು ಮೂರೇ ಪ್ರಶ್ನೆ: ಈ ಚಿತ್ರದಲ್ಲಿ ಏನು ನಡೆಯುತ್ತಿದೆ? ಹಾಗೆನ್ನಲು ನಿನಗೆ ಕಂಡದ್ದೇನು? ಇನ್ನೂ ಏನೇನು ಕಾಣುತ್ತದೆ? ಎರಡನೆಯ ಪ್ರಶ್ನೆಯಲ್ಲೇ ಎಲ್ಲ ಇದೆ. ಉತ್ತರಿಸಬೇಕಾದರೆ ಮಗು ಮತ್ತೆ ಚಿತ್ರದತ್ತ ಕಣ್ಣು ಹಾಯಿಸಲೇಬೇಕು, ಕೇಳಿದವರೂ ಹಾಯಿಸಬೇಕು. ಕಲೆಯ ಇತಿಹಾಸ ಓದದ ತಂದೆಯೂ ತಾಯಿಯೂ ಅಜ್ಜಿಯೂ ಇದನ್ನು ಕೇಳಬಲ್ಲರು.

ಮ್ಯೂಸಿಯಂಗಳ ಮೇಲೂ ನನಗೆ ಸಿಟ್ಟಿದೆ. ಬಹುಪಾಲು ಕಡೆ ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿರುವಂತೆ ತೂಗುಹಾಕುತ್ತಾರೆ. ಐದು ವರ್ಷದ ಮಗುವಿನ ಕಣ್ಣು ಇರುವುದು ಒಂದು ಮೀಟರಿನ ಆಸುಪಾಸಿನಲ್ಲಿ. ಅದಕ್ಕೆ ಕಾಣುವುದು ಚೌಕಟ್ಟಿನ ಕೆಳಅಂಚು ಮತ್ತು ಗಾಜಿನ ಮೇಲಿನ ದೀಪದ ಹೊಳಪು. ಬಾಸ್ಟನ್ ಲಲಿತಕಲಾ ಮ್ಯೂಸಿಯಂನ ಬೆಂಜಮಿನ್ ಗಿಲ್ಮನ್ 1916ರಲ್ಲೇ ಒಬ್ಬ ವಯಸ್ಕನನ್ನು ಕರೆತಂದು, ಗಾಜಿನ ಕಪಾಟುಗಳೊಳಗಿನ ವಸ್ತುಗಳನ್ನು ನೋಡಲು ಅವನು ಹೇಗೆಲ್ಲ ಬಗ್ಗಿ ಮುದುಡಬೇಕಾಗುತ್ತದೆಂದು ಫೋಟೊ ತೆಗೆಸಿ ಪ್ರಕಟಿಸಿದ್ದರು. ವಯಸ್ಕನ ಪಾಡೇ ಹಾಗಿದ್ದರೆ ಮಗುವಿನದು ಏನು? ಕಾಣಿಸದ ವಸ್ತುವಿನ ಮುಂದೆ ನಿಲ್ಲಿಸಿ, ಓಡಿತು ಎಂದು ಗದರಿಸುತ್ತೇವೆ. ಒಂದು ಮೆಟ್ಟಿಲು, ಮಡಚುವ ಒಂದು ಸ್ಟೂಲು, ಕೆಳಗೆ ಇನ್ನೊಂದು ಫಲಕ, ಇಷ್ಟಕ್ಕೆ ಹೆಚ್ಚು ಹಣ ಬೇಡ. ಪೆನ್ಸಿಲ್ ಹಿಡಿದು ಸುಮ್ಮನೆ ಚಿತ್ರ ಬರೆಯುತ್ತಿದ್ದ ಹುಡುಗನನ್ನು ಕಾವಲುಗಾರರು ಎಬ್ಬಿಸಿ ಕಳಿಸಿದ್ದನ್ನೂ ಕಂಡಿದ್ದೇನೆ. ಅದೇ ಗ್ಯಾಲರಿಯಲ್ಲಿ ಫೋನೆತ್ತಿ ಚಿತ್ರ ಸೆರೆಹಿಡಿದು, ಚಿತ್ರದತ್ತ ನೋಡದೆ ಹೊರಟ ಹತ್ತಾರು ಜನರನ್ನು ಯಾರೂ ತಡೆಯಲಿಲ್ಲ. ಬರೆಯಲು ಕುಳಿತ ಮಗು ಕಲೆಗೆ ಕೊಡುವ ಗೌರವ ಅವರಲ್ಲಿ ಯಾರು ಕೊಟ್ಟರು?

ಶಾಲೆಗಳ ಮಾತು ಬಂದರೆ ಪುಟ ಸಾಲದು. ಪರೀಕ್ಷೆ ಹತ್ತಿರ ಬಂದಾಗ ಮೊದಲು ಕೈಬಿಡುವುದು ಚಿತ್ರಕಲೆಯ ಅವಧಿಯನ್ನು. ವರ್ಷಕ್ಕೊಮ್ಮೆ ಮಕ್ಕಳನ್ನು ಸಾಲಾಗಿ ಕರೆತಂದು ಒಂದೇ ಗಂಟೆಯಲ್ಲಿ ಎಲ್ಲ ಕೋಣೆಗಳನ್ನೂ ಸುತ್ತಿಸಿ, ಬಿಟ್ಟ ಸ್ಥಳ ತುಂಬಿಸಿಕೊಂಡು ಹೋಗುತ್ತಾರೆ. ಮಕ್ಕಳು ಫಲಕದಿಂದ ಇಸವಿ ನಕಲು ಮಾಡಿಕೊಳ್ಳುತ್ತಾರೆ, ತಲೆಯೆತ್ತುವುದಿಲ್ಲ. ಎರಡೇ ವಸ್ತುಗಳನ್ನು ತೋರಿಸಿ ಮನೆಗೆ ಕಳಿಸಿದರೂ ಸಾಕು ಎನ್ನುವ ಧೈರ್ಯ ಯಾರಿಗೂ ಇಲ್ಲ. ಹೀಗೆ ಬೆಳೆದವರೇ ಮುಂದೆ 17 ಸೆಕೆಂಡಿನ ಸಂದರ್ಶಕರಾಗುತ್ತಾರೆ. ಇನ್ನೂ ಹೆಚ್ಚಿನವರು ಆ ಬಾಗಿಲಿನತ್ತ ಸುಳಿಯುವುದೇ ಇಲ್ಲ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. 1938ರಲ್ಲಿ ನ್ಯೂಯಾರ್ಕಿನ ಅದೇ ಆಧುನಿಕ ಕಲಾ ಮ್ಯೂಸಿಯಂ ಐದು ಡಾಲರಿಗಿಂತ ಕಡಿಮೆ ಬೆಲೆಯ, ಒಳ್ಳೆಯ ವಿನ್ಯಾಸದ ಮನೆಬಳಕೆಯ ವಸ್ತುಗಳ ಪ್ರದರ್ಶನವಿಟ್ಟಿತ್ತು. ಚಮಚ, ಲೋಟ, ಕತ್ತರಿಗಳನ್ನು ಮೇಜಿನ ಮೇಲಿಟ್ಟು, ಯಾವುದು ಕೈಗೆ ಒಗ್ಗುತ್ತದೆ, ಏಕೆ ಎಂದು ಮಗುವಿನೊಂದಿಗೆ ಮಾತಾಡಿದ ಕುಟುಂಬ ಮ್ಯೂಸಿಯಂಗೆ ಬಂದಾಗ ಅಪರಿಚಿತರಂತೆ ಅಲೆಯುವುದಿಲ್ಲ. ಗಲಾಟೆಯೂ ಕಡಿಮೆಯಾಗುತ್ತದೆ, ಏಕೆಂದರೆ ನೋಡಲು ಏನಾದರೂ ಸಿಕ್ಕ ಮಗು ಓಡುವುದಿಲ್ಲ.

ಆದ್ದರಿಂದ ನಿಮ್ಮ ಬೇಡಿಕೆಯನ್ನು ಪತ್ರಿಕೆ ಬೆಂಬಲಿಸುವುದಿಲ್ಲ. ನಿಮ್ಮಂಥವರಿಗೆ ವಾರದಲ್ಲಿ ಕೆಲವು ಗಂಟೆಗಳನ್ನು ಮೌನಕ್ಕೆಂದು ಮ್ಯೂಸಿಯಂಗಳು ಮೀಸಲಿಡಲಿ, ಅದಕ್ಕಾಗಿ ಬರೆಯಲು ನಾನು ಸಿದ್ಧ. ಉಳಿದ ಹೊತ್ತು ಬಾಗಿಲು ಎಲ್ಲ ವಯಸ್ಸಿನವರಿಗೂ ತೆರೆದಿರಲಿ. ಇನ್ನೊಂದು ಕೋರಿಕೆ ಇದೆ. ಚಿತ್ರದ ಮುಂದೆ ಅರ್ಧ ಗಂಟೆ ನಿಲ್ಲಬಲ್ಲ ನೀವು ಪಕ್ಕದಲ್ಲಿ ಗೀಚುತ್ತಿರುವ ಮಗುವನ್ನು, ಅದರ ಹೆತ್ತವರ ಒಪ್ಪಿಗೆ ಪಡೆದು, ಏನು ಕಂಡೆ ಎಂದು ಒಮ್ಮೆ ಕೇಳಿ, ಉತ್ತರವನ್ನು ನಮಗೆ ಬರೆದು ಕಳಿಸಿ. ಅದನ್ನು ಪ್ರಕಟಿಸುತ್ತೇವೆ.

— ಸಂಪಾದಕ