ಹಾರ್ಟನ್ ಫೂಟ್ ಯಾರು? ಅವರದ್ದು ಮೊದಲು ಏನು ನೋಡಬೇಕು?

'ಟು ಕಿಲ್ ಎ ಮಾಕಿಂಗ್‌ಬರ್ಡ್' ಸಿನಿಮಾದ ಟೈಟಲ್‌ನಲ್ಲಿ ಈ ಹೆಸರು ನೋಡಿ ಕೇಳಿದ್ದೀರಿ. ನನಗೆ ತುಂಬಾ ಇಷ್ಟದ ಬರಹಗಾರ, ಉತ್ತರ ಸ್ವಲ್ಪ ಉದ್ದವಾದರೆ ಬೈಯಬೇಡಿ.

ಹುಟ್ಟಿದ್ದು 1916ರಲ್ಲಿ, ಟೆಕ್ಸಾಸ್‌ನ ವಾರ್ಟನ್ ಎಂಬ ಸಣ್ಣ ಊರಲ್ಲಿ. ಅಪ್ಪನದು ಬಟ್ಟೆ ಅಂಗಡಿ. ಹುಡುಗ ಮನೆ ಬಿಟ್ಟು ಹೊರಟಿದ್ದು ನಟನಾಗಲು. ನ್ಯೂಯಾರ್ಕ್‌ನಲ್ಲಿ ತನಗೊಂದು ಒಳ್ಳೆ ಪಾತ್ರ ಸಿಗಲಿ ಅಂತ ತಾನೇ ನಾಟಕ ಬರೆದರು, ಕೊನೆಗೆ ನಟನೆ ಹೋಗಿ ಬರವಣಿಗೆ ಉಳಿಯಿತು. ಬರಹದಲ್ಲಿ ವಾರ್ಟನ್‌ಗೆ ಹ್ಯಾರಿಸನ್ ಅಂತ ಹೆಸರಿಟ್ಟು, ಸಾಯುವವರೆಗೂ ಅದೇ ಊರಿನ ಜನರ ಬಗ್ಗೆ ಬರೆದರು.

ಮಾಕಿಂಗ್‌ಬರ್ಡ್‌ನ ಚಿತ್ರಕಥೆಗೆ ಆಸ್ಕರ್ ಬಂದಾಗ ಇವರು ಸಮಾರಂಭಕ್ಕೇ ಹೋಗಿರಲಿಲ್ಲ. ತನಗೆಲ್ಲಿ ಕೊಡ್ತಾರೆ ಅಂತ! 'ಟೆಂಡರ್ ಮರ್ಸೀಸ್' ಸಿನಿಮಾದ ಚಿತ್ರಕಥೆಗೆ ಎರಡನೆಯದು ಬಂದಾಗ ಮಾತ್ರ ತಪ್ಪದೆ ಹೋಗಿದ್ದರು. ನಡುವೆ ಇಪ್ಪತ್ತು ವರ್ಷ. ಆ ಕಾಲದಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನ ಕಡೆ ಹೋಗಿ ನೆಲೆಸಿ, ಅಪ್ಪ ಅಮ್ಮನ ಕಥೆಯನ್ನೇ ಇಟ್ಟುಕೊಂಡು ಒಂಬತ್ತು ನಾಟಕಗಳ ಸರಣಿ ಬರೆದರು. 1995ರಲ್ಲಿ ನಾಟಕಕ್ಕೆ ಕೊಡುವ ಪುಲಿಟ್ಜರ್ ಪ್ರಶಸ್ತಿ ಬಂದಾಗ ವಯಸ್ಸು 79. 2009ರಲ್ಲಿ ತೀರಿಕೊಂಡಾಗಲೂ ಆ ಒಂಬತ್ತನ್ನು ರಂಗಕ್ಕೆ ತರುವ ಕೆಲಸದಲ್ಲೇ ಇದ್ದರು.

ಇವರ ಬರವಣಿಗೆಯಲ್ಲಿ ದೊಡ್ಡ ಘಟನೆಗಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ಅದೇ ನನಗೆ ಇಷ್ಟ. 'ಟೆಂಡರ್ ಮರ್ಸೀಸ್'ನಲ್ಲಿ ಕುಡಿದು ಹಾಳಾದ ಹಾಡುಗಾರ, ತೋಟದಲ್ಲಿ ಕಳೆ ತೆಗೆಯುತ್ತಾ, ಮದುವೆ ಬಗ್ಗೆ ಯೋಚನೆ ಮಾಡ್ತೀಯಾ ಅಂತ ತಾನು ಇಷ್ಟಪಟ್ಟ ಹೆಂಗಸನ್ನು ಕೇಳುತ್ತಾನೆ. ಅವಳು ಯೋಚಿಸ್ತೀನಿ ಅಂತಾಳೆ, ಅಷ್ಟೇ. ಮದುವೆ ತೋರಿಸುವುದಿಲ್ಲ. ಮುಂದೆ ಅವನ ಮಗಳು ಅಪಘಾತದಲ್ಲಿ ಸಾಯುತ್ತಾಳೆ, ಅದನ್ನೂ ತೋರಿಸುವುದಿಲ್ಲ. ಮೊದಲ ಸಲ ನೋಡಿದಾಗ ಏನಪ್ಪಾ ಇದು, ಏನೂ ನಡೆಯಲ್ವಲ್ಲ ಅನ್ನಿಸಿತ್ತು. ಆಮೇಲೆ ವಾರವಿಡೀ ತಲೆಯಲ್ಲಿ ಅದೇ.

ನೀವು 'ದಿ ಟ್ರಿಪ್ ಟು ಬೌಂಟಿಫುಲ್'ನಿಂದ ಶುರು ಮಾಡಿ. 1953ರಲ್ಲಿ ಮೊದಲು ಟಿವಿಗೆ ಬರೆದದ್ದು, ಅದೇ ವರ್ಷ ನಾಟಕವಾಗಿ ನ್ಯೂಯಾರ್ಕ್‌ನ ದೊಡ್ಡ ರಂಗಭೂಮಿ ಬ್ರಾಡ್‌ವೇಗೂ ಹೋಯಿತು. ಹ್ಯೂಸ್ಟನ್‌ನ ಇಕ್ಕಟ್ಟಾದ ಮನೆಯಲ್ಲಿ ಮಗ ಸೊಸೆ ಜೊತೆ ಇರುವ ಮುದುಕಿ, ಪೆನ್ಷನ್ ಚೆಕ್ ಬಚ್ಚಿಟ್ಟುಕೊಂಡು ಸುಮ್ನೆ ಬಸ್ ಹತ್ತಿ ತನ್ನ ಹಳೆ ಊರಿಗೆ ಓಡಿಹೋಗುತ್ತಾಳೆ. ಆದರೆ ಅಲ್ಲಿ ಉಳಿದಿದ್ದ ಕೊನೆಯ ಗೆಳತಿಯೂ ಆಗಷ್ಟೇ ಸತ್ತಿರುತ್ತಾಳೆ. 1985ರ ಸಿನಿಮಾ ಹುಡುಕಿ, ಜೆರಾಲ್ಡಿನ್ ಪೇಜ್‌ಗೆ ಆಸ್ಕರ್ ಬಂದದ್ದು ಆ ಮುದುಕಿಯ ಪಾತ್ರಕ್ಕೇ.