ಕೈಯಾರೆ ಕಟ್ಟಿದ ಕ್ಯಾಂಪರ್‌ವ್ಯಾನ್‌ನಲ್ಲಿ ಆರು ತಿಂಗಳು ಯುರೋಪ್ ಸುತ್ತಲು 12,000 ಯೂರೊ ಸಾಕೇ?

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಿಂದ ಹೊರಟು ನಾರ್ವೆಯ ಉತ್ತರದ ತುದಿಯಲ್ಲಿರುವ ನಾರ್ಡ್‌ಕಾಪ್ ಮುಟ್ಟಿ, ಅಲ್ಲಿಂದ ಪೋರ್ಚುಗಲ್‌ವರೆಗೆ ಇಳಿದು, ಏಪ್ರಿಲ್‌ನಲ್ಲಿ ಹೊರಟವರು ಸೆಪ್ಟೆಂಬರ್ ಕೊನೆಗೆ ಮನೆ ಸೇರುವುದು. ಹಳೆಯ ಸರಕು ವ್ಯಾನೊಂದನ್ನು ಕೊಂಡು ಗಂಡ ಹೆಂಡತಿ ಸೇರಿ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಕ್ಯಾಂಪರ್ ಮಾಡಿಕೊಳ್ಳುವುದು. ವ್ಯಾನಿನ ಖರ್ಚು ಬೇರೆ, ಪ್ರಯಾಣಕ್ಕೆ ದಿನಕ್ಕೆ 65 ಯೂರೊದಂತೆ ಸುಮಾರು 12,000. ನಿಮ್ಮ ಈ ಯೋಜನೆಯನ್ನು ಓದಿದಾಗ, ಸ್ಟುಟ್‌ಗಾರ್ಟ್‌ನಲ್ಲಿ ನಾನೂ ನನ್ನ ಹೆಂಡತಿಯೂ ಕೂತು ಹಾಕಿದ್ದ ಲೆಕ್ಕವೇ ನಿಮ್ಮ ಕೈಗೆ ಸಿಕ್ಕಿದೆಯೇನೋ ಅನ್ನಿಸಿತು. ನಮ್ಮ ಎಕ್ಸೆಲ್ ಹಾಳೆಯಲ್ಲಿ ಕಾಫಿ ಪುಡಿಗೂ ಒಂದು ಸಾಲಿತ್ತು, ತೂಕಕ್ಕೆ ಮಾತ್ರ ಇರಲಿಲ್ಲ. ಅದರಿಂದ ಏನಾಯಿತೆಂದು ಹೇಳದೆ ನಿಮ್ಮ 12,000ದ ವಿಷಯಕ್ಕೆ ಬರಲಾರೆ.

ನಾವು ಕೊಂಡದ್ದು ವಿದ್ಯುತ್ ಕೆಲಸದ ಗುತ್ತಿಗೆದಾರರೊಬ್ಬರು ಓಡಿಸಿದ್ದ ಫಿಯಟ್ ಡುಕಾಟೊ, ಉದ್ದ 5.99 ಮೀಟರ್, ಒಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರ. ಹೊರಗಿನಿಂದ ನೋಡಿದರೆ ಡುಕಾಟೊಗಳೆಲ್ಲ ಒಂದೇ ಥರ ಕಂಡರೂ ಕಾಗದದಲ್ಲಿ ಹಾಗಲ್ಲ. 33 ಎಂಬ ಮಾದರಿಯು ಎಲ್ಲ ಹೊರೆ ಸೇರಿ 3,300 ಕಿಲೊ ಮೀರುವಂತಿಲ್ಲ. 35 ಎಂಬುದಕ್ಕೆ 3,500 ಕಿಲೊ, ಸಾಮಾನ್ಯ ಬಿ ವರ್ಗದ ಲೈಸೆನ್ಸಿನಲ್ಲಿ ಓಡಿಸಬಹುದಾದ ಮಿತಿಯೂ ಅದೇ. ನಾವು ನೋಡಿಬಂದ ಎರಡು ಗಾಡಿಗಳಲ್ಲಿ 33ರದ್ದು 1,200 ಯೂರೊ ಅಗ್ಗವಾಗಿತ್ತು. ಎಂಜಿನ್ ಅದೇ, ಉದ್ದವೂ ಅದೇ, ಮತ್ತೇಕೆ ಹೆಚ್ಚು ಕೊಡಬೇಕು ಎಂದು ಅದನ್ನೇ ತಂದೆವು.

ಜರ್ಮನಿಯ ನೋಂದಣಿ ಪತ್ರದಲ್ಲಿ ಜಿ ಎಂಬ ಅಂಕಣವಿರುತ್ತದೆ. ಓಡಲು ಸಿದ್ಧವಾದ ಗಾಡಿಯ ತೂಕ ಅದು, 75 ಕಿಲೊದ ಚಾಲಕನೂ ಬಹುಪಾಲು ತುಂಬಿದ ಡೀಸೆಲ್ ಟ್ಯಾಂಕೂ ಅದರಲ್ಲಿ ಸೇರಿವೆ. ನಮ್ಮದರಲ್ಲಿ 1,950 ಎಂದಿತ್ತು. 3,300ರಲ್ಲಿ ಅದನ್ನು ಕಳೆದರೆ ಉಳಿಯುವುದು 1,350 ಕಿಲೊ, ಅಂದರೆ 50 ಕಿಲೊದ ಇಪ್ಪತ್ತೇಳು ಅಕ್ಕಿ ಮೂಟೆ. ಮಂಚ, ಒಲೆ, ನಾಲ್ಕು ಜೊತೆ ಬಟ್ಟೆ ಹಾಕಿದರೆ ಅಷ್ಟಾಗುವುದುಂಟೇ ಎಂದು ನಾನು ಆ ಕಾಗದವನ್ನು ಮಡಿಚಿಟ್ಟೆ.

ಆಗುತ್ತದೆ, ಹೇಗೆಂದು ನೋಡಿ. ಗಟ್ಟಿಮುಟ್ಟಾಗಿರಲಿ ಎಂದು ನಾನು ಆರಿಸಿದ್ದು 18 ಮಿಲಿಮೀಟರ್ ದಪ್ಪದ ಬರ್ಚ್ ಪ್ಲೈವುಡ್. ಎರಡೂವರೆ ಮೀಟರ್ ಉದ್ದ, ಒಂದೂಕಾಲು ಮೀಟರ್ ಅಗಲದ ಒಂದು ಹಲಗೆ ಸುಮಾರು 38 ಕಿಲೊ ತೂಗುತ್ತದೆ. ಅಂಥ ಒಂದು ಡಜನ್ ಹಲಗೆಗಳು ಒಳಗೆ ಹೋದವು: 456 ಕಿಲೊ. ಅದೇ ಅಳತೆಯ 12 ಮಿಲಿಮೀಟರ್ ಪಾಪ್ಲರ್ ಪ್ಲೈವುಡ್ ಹಲಗೆಯೊಂದಕ್ಕೆ 17 ಕಿಲೊ ಮಾತ್ರ, ಡಜನ್ನಿಗೆ 204. ಹಲಗೆಯ ಆಯ್ಕೆಯೊಂದರಲ್ಲೇ ಕಾಲು ಟನ್ ವ್ಯತ್ಯಾಸ. ಅದರ ಮೇಲೆ ಓಕ್ ಮರದ ಅಡುಗೆ ಕಟ್ಟೆ. ತಲಾ 30 ಕಿಲೊದ ಎರಡು ಎಜಿಎಂ (ಸೀಸದ ಒಂದು ಬಗೆಯ) ಬ್ಯಾಟರಿ. 100 ಲೀಟರಿನ ನೀರಿನ ಟ್ಯಾಂಕ್, ತುಂಬಿದರೆ 100 ಕಿಲೊ. 11 ಕಿಲೊ ಅನಿಲದ ಎರಡು ಉಕ್ಕಿನ ಸಿಲಿಂಡರ್‌ಗಳು, ಖಾಲಿ ಸಿಲಿಂಡರಿನ ಭಾರವೂ ಸೇರಿ ತಲಾ 20 ಕಿಲೊಗೂ ಮೇಲೆ. ಬಿಸಿಲಿಗೆ ಚಾಚುವ ಮೇಲ್ಕಟ್ಟು. ಹಿಂಬದಿಯ ಸ್ಟ್ಯಾಂಡಿನಲ್ಲಿ ಎರಡು ಎಲೆಕ್ಟ್ರಿಕ್ ಸೈಕಲ್. ಒಂದೊಂದಕ್ಕೂ ಎಷ್ಟು ಯೂರೊ ಎಂದು ಪೈಸೆ ಬಿಡದೆ ಬರೆದಿಟ್ಟಿದ್ದೆವು.

ಆಸ್ಟ್ರಿಯದ ಹೆದ್ದಾರಿಯಲ್ಲಿ ಸ್ಲೊವೇನಿಯದ ಕಡೆಗೆ ಹೋಗುತ್ತಿದ್ದಾಗ ಪೊಲೀಸರು ಪಕ್ಕಕ್ಕೆ ಕರೆದು ತೂಕಕ್ಕೆ ಹತ್ತಿಸಿದರು. 3,520 ಕಿಲೊ. ದಂಡವೇನೋ ತಡೆದುಕೊಳ್ಳುವಂಥದ್ದೇ ಆಗಿತ್ತು. ಆದರೆ 3,300ಕ್ಕೆ ಇಳಿಯುವವರೆಗೆ ಗಾಡಿ ಕದಲುವಂತಿಲ್ಲ ಎಂದರು. ನೀರನ್ನೆಲ್ಲ ಬಿಟ್ಟೆವು, ಇನ್ನೂ 120 ಉಳಿಯಿತು. ಸೈಕಲ್, ಸ್ಟ್ಯಾಂಡ್, ಒಂದು ಸಿಲಿಂಡರ್, ನನ್ನ ಹತಾರದ ಪೆಟ್ಟಿಗೆ ಇಳಿದವು. ಕೊನೆಗೆ ಟೇಬಲ್‌ಟಾಪ್ ಗ್ರೈಂಡರನ್ನು ನನ್ನ ಹೆಂಡತಿ ಎರಡೂ ಕೈಯಲ್ಲಿ ಎತ್ತಿ ತಂದು ಸೈಕಲ್ಲಿನ ಪಕ್ಕದಲ್ಲಿಟ್ಟು, ಅದರ ಕಲ್ಲನ್ನು ಬೇರೆಯಾಗಿ ಟವೆಲ್ಲಿನಲ್ಲಿ ಸುತ್ತಿದಳು. ಸಾಲ್ಜ್‌ಬರ್ಗ್‌ನಲ್ಲಿದ್ದ ಪರಿಚಿತರೊಬ್ಬರು ಕಾರು ತಂದು ಎಲ್ಲವನ್ನೂ ಒಯ್ಯುವಷ್ಟರಲ್ಲಿ ಸಂಜೆಯಾಗಿತ್ತು.

ಒಟ್ಟು ತೂಕದ ಜೊತೆಗೆ ಹಿಂದಿನ ಆಕ್ಸಲ್ಲಿನ, ಅಂದರೆ ಹಿಂದಿನ ಎರಡು ಚಕ್ರಗಳನ್ನು ಹೊತ್ತ ಅಚ್ಚಿನ, ಮಿತಿಯನ್ನೂ ನಾವು ಮೀರಿದ್ದೆವು. ಇದು ಹಲವರಿಗೆ ತಿಳಿದಿಲ್ಲವಾದ್ದರಿಂದ ಬಿಡಿಸಿ ಹೇಳುತ್ತೇನೆ. ಚಕ್ರಗಳಿಗಿಂತ ಹಿಂದಕ್ಕೆ ಚಾಚಿದ ಭಾರವು ಸನ್ನೆಗೋಲಿನ ಹಾಗೆ ಕೆಲಸ ಮಾಡಿ ಗಾಡಿಯ ಮೂತಿಯನ್ನು ಮೇಲಕ್ಕೆತ್ತುತ್ತದೆ. ನಮ್ಮ ಸೈಕಲ್ಲೂ ಸ್ಟ್ಯಾಂಡೂ ಸೇರಿ 65 ಕಿಲೊ. ಆಕ್ಸಲ್ಲಿನಿಂದ ಸುಮಾರು 1.4 ಮೀಟರ್ ಹಿಂದೆ ಅವು ನೇತಾಡುತ್ತಿದ್ದುದರಿಂದ, ಮುಂದಿನ, ಹಿಂದಿನ ಆಕ್ಸಲ್ಲುಗಳ ನಡುವೆ ನಾಲ್ಕು ಮೀಟರ್ ದೂರವಿರುವ ಗಾಡಿಯಲ್ಲಿ ಹಿಂದಿನ ಆಕ್ಸಲ್ಲಿನ ಮೇಲೆ 88 ಕಿಲೊದಷ್ಟು ಬೀಳುತ್ತಿತ್ತು, ಮುಂದಿನದರ ಮೇಲೆ 23 ಕಿಲೊ ಕಡಿಮೆಯಾಗುತ್ತಿತ್ತು. ಡುಕಾಟೊ ಮುಂದಿನ ಚಕ್ರಗಳಿಂದ ಎಳೆಯುವ ಗಾಡಿ. ಒದ್ದೆ ಹುಲ್ಲಿನ ಕ್ಯಾಂಪಿಂಗ್ ಜಾಗದಲ್ಲಿ ಚಕ್ರ ಬರಿದೇ ಸುತ್ತುತ್ತಿದ್ದುದೇಕೆಂದು ನನಗೆ ಆಮೇಲೆ ಅರ್ಥವಾಯಿತು.

ಪ್ರವಾಸವನ್ನು ಅಲ್ಲಿಗೇ ನಿಲ್ಲಿಸಿ ಹಿಂತಿರುಗಿದೆವು. ಬರ್ಚ್ ಕಿತ್ತು ಪಾಪ್ಲರ್ ಹಾಕಿ, ಎರಡು ಎಜಿಎಂ ಬದಲು 12 ಕಿಲೊದ ಒಂದು ಲಿಥಿಯಂ ಬ್ಯಾಟರಿ ಕೂರಿಸಿದೆವು. ಎಜಿಎಂನಲ್ಲಿ ಬಳಸಲು ಸಿಗುವುದು ಸುಮಾರು ಅರ್ಧವೇ ಆದ್ದರಿಂದ ವಿದ್ಯುತ್ತೇನೂ ಕಡಿಮೆಯಾಗಲಿಲ್ಲ. ಹಿಂಬದಿಗೆ ಗಾಳಿಯ ಸ್ಪ್ರಿಂಗ್ ಹಾಕಿಸಿ, ತಪಾಸಣೆ ಮಾಡಿಸಿ, ಕಾಗದದ ಮಿತಿಯನ್ನು 3,500ಕ್ಕೆ ಏರಿಸಿಕೊಂಡೆವು. 1,200 ಯೂರೊ ಉಳಿಸಲು ಹೋಗಿ ಕಳೆದುಕೊಂಡದ್ದು 4,000ದ ಆಸುಪಾಸು. ಜೊತೆಗೆ ಆ ಬೇಸಿಗೆಯೂ ಹೋಯಿತು.

ಆದ್ದರಿಂದ ಮೊದಲು 35ರ ಗಾಡಿಯನ್ನೇ ಕೊಳ್ಳಿ, ಮೂರು ಸಲ ವೇಬ್ರಿಜ್‌ಗೆ ಹೋಗಿ: ಕೊಂಡ ದಿನ ಖಾಲಿ ಗಾಡಿಯನ್ನು, ಮರದ ಕೆಲಸ ಮುಗಿದಾಗ, ಹೊರಡುವ ಮುನ್ನ ನೀರು, ಡೀಸೆಲ್, ಅಕ್ಕಿ, ನೀವಿಬ್ಬರೂ ಸೇರಿ. ಮೂರನೆಯ ಸಲ ಹಿಂದಿನ ಆಕ್ಸಲ್ಲನ್ನು ಮಾತ್ರ ನಿಲ್ಲಿಸಿ ಬೇರೆಯಾಗಿ ತೂಗಿಸಿ. ಗುಜರಿ ಅಂಗಳಗಳಲ್ಲಿ ಕೆಲವು ಯೂರೊ ಕೊಟ್ಟರೆ ಚೀಟಿ ಬರೆದು ಕೊಡುತ್ತಾರೆ.

ಇನ್ನು ನಿಮ್ಮ ಆರು ತಿಂಗಳ ಮಾತು. ಭಾರತದ ಪಾಸ್‌ಪೋರ್ಟ್ ಮತ್ತು ನೆದರ್‌ಲ್ಯಾಂಡ್ಸ್‌ನ ವಾಸದ ಪರವಾನಗಿ ಇದೆ ಎಂದು ಬರೆದಿದ್ದೀರಿ. ಹಾಗಿದ್ದರೆ ನೀವು ಕೇಳುತ್ತಿರುವ ಪ್ರವಾಸಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ, ಅದಕ್ಕೆ ದುಡ್ಡು ಸಾಕೇ ಎಂಬ ಪ್ರಶ್ನೆಯೂ ಏಳುವುದಿಲ್ಲ. ಆ ಪರವಾನಗಿಯ ಮೇಲೆ ಉಳಿದ ಷೆಂಗೆನ್ ದೇಶಗಳಲ್ಲಿ (ಒಳಗಿನ ಗಡಿಗಳನ್ನು ತೆರೆದುಕೊಂಡ ಯುರೋಪಿನ ದೇಶಗಳ ಕೂಟ ಅದು), ಎಲ್ಲವೂ ಸೇರಿ, ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ನಡುವೆ ಕ್ರೊಯೇಷಿಯದಲ್ಲೋ ರೊಮೇನಿಯದಲ್ಲೋ ಇದ್ದು ದಿನ ಉಳಿಸುವ ಹಳೆಯ ಉಪಾಯವೂ ಈಗ ನಡೆಯದು. 2023ರಲ್ಲಿ ಕ್ರೊಯೇಷಿಯವೂ 2025ರ ಜನವರಿಗೆ ರೊಮೇನಿಯ, ಬಲ್ಗೇರಿಯಗಳ ಭೂಗಡಿಗಳೂ ಷೆಂಗೆನ್ ಒಳಗೆ ಬಂದವು. ಬ್ರಿಟನ್, ಐರ್ಲೆಂಡ್‌ಗೆ ಬೇರೆ ವೀಸಾ ಬೇಕು.

ನನ್ನ ಸಲಹೆ ಕೇಳಿದರೆ, ಒಂದೇ ಉಸಿರಿನ ಸುತ್ತಾಟವನ್ನು ಬಿಟ್ಟುಬಿಡಿ. ಜೂನ್‌ನಲ್ಲಿ ಹೊರಟು ಆರು ವಾರ ನಾರ್ವೆ, ಮತ್ತೆ ಮನೆ. ಸೆಪ್ಟೆಂಬರ್‌ನಲ್ಲಿ ಹೊರಟು ಆರು ವಾರ ಫ್ರಾನ್ಸ್, ಸ್ಪೇನ್, ಪೋರ್ಚುಗಲ್. ಸೆಪ್ಟೆಂಬರ್‌ನಲ್ಲಿ ಶಾಲೆಗಳು ತೆರೆದಿರುತ್ತವೆ, ದಕ್ಷಿಣದ ಕ್ಯಾಂಪಿಂಗ್ ಜಾಗಗಳ ದರ ಇಳಿದಿರುತ್ತದೆ, ಆಗಸ್ಟ್‌ನ ನೂಕುನುಗ್ಗಲಿರುವುದಿಲ್ಲ. ನಾರ್ಡ್‌ಕಾಪ್ ಕೈಬಿಡಿ ಎಂದರೆ ನಿಮಗೆ ಬೇಸರವಾಗಬಹುದು. ಆದರೆ ಫಲಕದ ಮುಂದೆ ಫೋಟೊ ತೆಗೆಸಿಕೊಳ್ಳಲು ಅಷ್ಟು ದೂರ ಓಡಿಸುವುದು ನನ್ನ ಮಟ್ಟಿಗೆ ಡೀಸೆಲ್ ದಂಡ, ಪಶ್ಚಿಮ ನಾರ್ವೆಯ ಫಿಯೋರ್ಡ್‌ಗಳಲ್ಲೇ, ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಕವಲುಗಳಲ್ಲೇ, ಆರು ವಾರ ಸಾಲದು.

ದಿನಕ್ಕೆ 65 ಎಂಬ ಸೂತ್ರವನ್ನೂ ನಾನು ಒಪ್ಪುವುದಿಲ್ಲ, ಏಕೆಂದರೆ ಖರ್ಚು ಏರುವುದು ದಿನಕ್ಕಿಂತ ಹೆಚ್ಚಾಗಿ ಕಿಲೊಮೀಟರಿನ ಮೇಲೆ. ತುಂಬಿದ ಡುಕಾಟೊ 100 ಕಿಲೊಮೀಟರಿಗೆ ಸುಮಾರು 10 ಲೀಟರ್ ಕುಡಿಯುತ್ತದೆ. ನಿಮ್ಮ ಮೂಲ ಯೋಜನೆಯ 15,000 ಕಿಲೊಮೀಟರಿಗೆ 1,500 ಲೀಟರ್, ಲೀಟರಿಗೆ 1.70 ಎಂದು ಹಿಡಿದರೂ 2,550 ಯೂರೊ. ಫ್ರಾನ್ಸ್‌ನ ಹೆದ್ದಾರಿ ಸುಂಕವು ಎತ್ತರ ನೋಡಿ ಬೀಳುತ್ತದೆ. 2 ಮೀಟರ್ ದಾಟಿದ ವ್ಯಾನ್ ಎರಡನೆಯ ವರ್ಗ, ಕಾರಿಗಿಂತ ಹೆಚ್ಚು. ನಾರ್ವೆಯ ಫೆರ್ರಿಗಳಲ್ಲಿ ಉದ್ದ ನೋಡುತ್ತಾರೆ. 6 ಮೀಟರ್‌ಗೆ ಒಂದು ದರ, ಮೀರಿದರೆ ಮುಂದಿನದು, 5.99ರ ಗಾಡಿಗೆ ಸೈಕಲ್ ಸ್ಟ್ಯಾಂಡ್ ಬೇಡವೆನ್ನಲು ಇದೂ ಒಂದು ಕಾರಣ. ಒಂದೇ ಊರಿನಲ್ಲಿ ನಾಲ್ಕು ದಿನ ನಿಂತರೆ ಜಾಗದ ಬಾಡಿಗೆ, ತರಕಾರಿ, ಅಷ್ಟೇ. ರಾತ್ರಿಗಳೆಲ್ಲ ಪುಕ್ಕಟೆ ಎಂದು ಮಾತ್ರ ಬರೆದುಕೊಳ್ಳಬೇಡಿ; ಕ್ರೊಯೇಷಿಯದಲ್ಲಿ ಕ್ಯಾಂಪಿಂಗ್ ಜಾಗದ ಹೊರಗೆ ವ್ಯಾನಿನಲ್ಲಿ ಮಲಗಿದರೆ ದಂಡ ಬೀಳುತ್ತದೆ.

ಎರಡು ಭಾಗದ ಈ ಪ್ರವಾಸಕ್ಕೆ 12,000 ಧಾರಾಳವಾಗಿ ಸಾಕು. ಅದರಲ್ಲಿ 3,000ವನ್ನು ಟೈಮಿಂಗ್ ಬೆಲ್ಟ್, ಕ್ಲಚ್‌ಗಳಂಥ ರಿಪೇರಿಯ ಹೆಸರಿನಲ್ಲಿ ಬೇರೆಯಾಗಿಡಿ. ಐಂಡ್‌ಹೋವನ್ ಮನೆಯ ಬಾಡಿಗೆ ನಿಮ್ಮ ಹಾಳೆಯಲ್ಲೆಲ್ಲೂ ಕಾಣಲಿಲ್ಲ, ನೀವು ಊರಿನಲ್ಲಿಲ್ಲವೆಂದು ಮಾಲೀಕರು ಅದನ್ನು ಬಿಡುವುದಿಲ್ಲ.

ಕೊನೆಗೆ 400 ವ್ಯಾಟ್ ಸೋಲಾರ್, ಇಂಡಕ್ಷನ್ ಒಲೆ ಬೇಕೇ ಎಂದಿರಿ. ಬೇಸಿಗೆಯಲ್ಲಿ ಫ್ರಿಜ್, ದೀಪ, ಫೋನಿಗೆ 200 ವ್ಯಾಟ್ ನಮಗೆ ಸಾಕಾಯಿತು. 2,000 ವ್ಯಾಟ್ ಎಳೆಯುವ ಇಂಡಕ್ಷನ್ 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿಯನ್ನು ಮುಕ್ಕಾಲು ಗಂಟೆಯೊಳಗೆ ಖಾಲಿ ಮಾಡುತ್ತದೆ. ಅಡುಗೆಗೆ ಅನಿಲವೇ ಇರಲಿ; ಸೊನ್ನೆ ಡಿಗ್ರಿಗೆ ಬ್ಯೂಟೇನ್ ಆವಿಯಾಗದೆ ಕೂರುವುದರಿಂದ ಉತ್ತರಕ್ಕೆ ಪ್ರೊಪೇನ್ ಒಯ್ಯಿರಿ, ದೇಶ ಬದಲಾದರೆ ಸಿಲಿಂಡರಿನ ಮೂತಿಯೂ ಬದಲಾಗುವುದರಿಂದ ಅಡಾಪ್ಟರ್‌ಗಳ ಒಂದು ಸೆಟ್ ಜೊತೆಗಿರಲಿ. ಇಬ್ಬರಿಗೆ ಮೂರು ಲೀಟರಿನ ಅಲ್ಯೂಮಿನಿಯಂ ಕುಕ್ಕರ್ ಸಾಕು, ಐದು ಲೀಟರಿನ ಸ್ಟೀಲಿನದನ್ನು ಮನೆಯಲ್ಲೇ ಬಿಟ್ಟು ಬನ್ನಿ.