‘ಕೋವಿಡ್‌ನಲ್ಲಿ ಬಿಟ್ಟಿದ್ದರಲ್ಲ ಸಾರ್?’
ಗಲ್ಫ್ ವೀಸಾ: ಓದುಗರ ಪ್ರಶ್ನೆ, ತಜ್ಞರ ಉತ್ತರ

2025ರ ಜೂನ್ 23ರ ರಾತ್ರಿ ಕತಾರ್ ಕೆಲವು ಗಂಟೆ ತನ್ನ ಆಕಾಶ ಮುಚ್ಚಿತು. ಅಕ್ಕಪಕ್ಕದ ದೇಶಗಳಲ್ಲೂ ವಿಮಾನ ನಿಂತವು. ಅಷ್ಟೇ ಸಾಕಾಯಿತು, 2020ರಲ್ಲಿ ಕೇಳಿದ್ದ ಪ್ರಶ್ನೆಗಳೆಲ್ಲ ಮತ್ತೆ ಶುರು. ದುಬೈಯ ಕಂಪನಿಯೊಂದರಲ್ಲಿ ಇಪ್ಪತ್ತು ವರ್ಷ ಮಂದೂಬ್ ಆಗಿದ್ದವನು ನಾನು. ವೀಸಾ ಫೈಲು ಹಿಡಿದು ಸರಕಾರಿ ಕಚೇರಿ ಸುತ್ತುವುದೇ ಕೆಲಸ. ಒಂದೇ ಉತ್ತರವನ್ನು ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ: ಅಬುಧಾಬಿಯಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದೇನೆ. ಊರು ಕುಂದಾಪುರದ ಹತ್ತಿರ. ಅಪ್ಪನಿಗೆ ಹುಷಾರಿಲ್ಲ ಅಂತ ಬಂದವನು ನಾಲ್ಕು ತಿಂಗಳಿಂದ ಇಲ್ಲೇ ಇದ್ದೇನೆ. ವೀಸಾ ಇನ್ನೂ ಹದಿನಾಲ್ಕು ತಿಂಗಳು ಇದೆ. ಯುದ್ಧ ಗಿದ್ಧ ಅಂತ ಗಡಿ ಮುಚ್ಚಿದರೂ ತೊಂದರೆ ಇಲ್ಲ ಅಲ್ವಾ? ಕೋವಿಡ್‌ನಲ್ಲಿ ಎಲ್ಲರ ವೀಸಾ ತಾನಾಗಿಯೇ ಮುಂದೆ ಹಾಕಿದ್ದರಲ್ಲ ಸಾರ್?

ತೊಂದರೆ ಇದೆ ಮಾರಾಯ್ರೆ. ಯುಎಇ ವೀಸಾಕ್ಕೆ ಎರಡು ಗಡುವು. ಒಂದು ನಿಮಗೆ ಕಾಣುವ ತಾರೀಕು. ಇನ್ನೊಂದು ಕಾಣದ್ದು. ದೇಶದ ಹೊರಗೆ ಒಂದೇ ಸಮನೆ 180 ದಿನ ದಾಟಬಾರದು. ದಾಟಿದರೆ ಆ ಹದಿನಾಲ್ಕು ತಿಂಗಳು ಕಾಗದದ ಮೇಲೆ ಮಾತ್ರ. ಲೆಕ್ಕ ಶುರುವಾಗುವುದು ನೀವು ಅಲ್ಲಿಂದ ಹೊರಟ ದಿನ, ವಿಮಾನ ನಿಂತ ದಿನ ಅಲ್ಲ. ನಾಲ್ಕು ತಿಂಗಳು ಆಗಲೇ ಖರ್ಚಾಗಿ ಹೋಗಿದೆ.

ಇನ್ನು ಕೋವಿಡ್ ಮಾತು. ಆಗ ಏನಾಯಿತು ಅಂತ ಪೂರ್ತಿ ನೆನಪಿದೆಯಾ? 2020ರ ಮಾರ್ಚ್ 1ರ ನಂತರ ಮುಗಿದ ವೀಸಾಗಳು ಡಿಸೆಂಬರ್ ಕೊನೆವರೆಗೆ ನಡೆಯುತ್ತವೆ ಅಂತ ಯುಎಇಯವರು ಅಂದರು. ಜನ ನೆಮ್ಮದಿಯಾಗಿ ಕೂತರು. ಜುಲೈಯಲ್ಲೇ ಆ ರಿಯಾಯಿತಿ ವಾಪಸ್! ಸೌದಿಯವರು ಇಕಾಮಾ (ಅಲ್ಲಿ ವಾಸಿಸುವ ಪರವಾನಗಿ), ಖುರೂಜ್ ಔದಾ (ಊರಿಗೆ ಹೋಗಿ ವಾಪಸ್ ಬರುವ ವೀಸಾ) ಎರಡನ್ನೂ ಪುಕ್ಕಟೆ ಮುಂದೆ ಹಾಕಿದರು, ನಿಜ. ಹೇಗೆ? 2021ರ ಜುಲೈ 31ರವರೆಗೆ ಒಂದು ಸಲ, ಆಮೇಲೆ ಆಗಸ್ಟ್ 31, ಆಮೇಲೆ ಸೆಪ್ಟೆಂಬರ್ 30. ಪ್ರತಿ ತಿಂಗಳ ಕೊನೆಗೂ ಮನೆಮಂದಿಯೆಲ್ಲ ಮೊಬೈಲ್ ಹಿಡಿದು ಕೂರುವ ಪಾಡು. ಯುಎಇ 2021ರ ಏಪ್ರಿಲ್ 24ರ ಮಧ್ಯರಾತ್ರಿ ನಮ್ಮವರಿಗೆ ಬಾಗಿಲು ಹಾಕಿತು. ಆಗಸ್ಟ್ 5ಕ್ಕೆ ತೆರೆದಾಗಲೂ ಮೊದಲು ಬಿಟ್ಟದ್ದು ಮುಖ್ಯವಾಗಿ ಅಲ್ಲೇ ಎರಡು ಡೋಸ್ ಹಾಕಿಸಿಕೊಂಡವರನ್ನು. ಊರಲ್ಲಿ ಲಸಿಕೆ ತಗೊಂಡವರು ಮತ್ತೆ ಕಾದರು. ವೀಸಾ ಮುಂದೆ ಹಾಕಿ ಅಲ್ಲಿನ ಸರಕಾರದವರು ದಯೆ ತೋರಿದರು, ಅಷ್ಟೆ. ಮುಂದಿನ ಸಲವೂ ತೋರುತ್ತಾರೆ ಅಂತ ನಂಬಿ ಕೂರುವ ಧೈರ್ಯ ನನಗಿಲ್ಲ.

ಆದ್ದರಿಂದ ವಿಮಾನ ಇರುವಾಗಲೇ ಹತ್ತಿ. ಒಂದು ವಾರ ಹೋಗಿ ಬಂದರೂ ಸಾಕು, 180ರ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ಟಿಕೆಟ್ ದುಡ್ಡು ದಂಡ ಅನ್ನುವವರಿಗೆ ಹೊಸ ವೀಸಾದ ಖರ್ಚು ಗೊತ್ತಿಲ್ಲ.

ಆಗದೇ ಹೋಗಿ 180 ದಾಟಿತು ಅನ್ನಿ. 2023ರಿಂದ ಐಸಿಪಿ, ಅಂದರೆ ಯುಎಇಯ ವೀಸಾ ಇಲಾಖೆಯ ವೆಬ್‌ಸೈಟ್‌ನಲ್ಲಿ ಮರುಪ್ರವೇಶದ ಅನುಮತಿ ಕೇಳಬಹುದು. ದಾಟಿದ ಪ್ರತಿ 30 ದಿನಕ್ಕೆ 100 ದಿರ್ಹಂ ದಂಡ. ಅನುಮತಿ ಸಿಕ್ಕಿದ 30 ದಿನದೊಳಗೆ ದೇಶದೊಳಗೆ ಕಾಲಿಡಬೇಕು. ಹಾಗಾಗಿ ವಿಮಾನ ಶುರುವಾಗುವ ಸುಳಿವೇ ಇಲ್ಲದಾಗ ಗಡಿಬಿಡಿಯಲ್ಲಿ ಅರ್ಜಿ ಹಾಕಬೇಡಿ. ದುಬೈ ವೀಸಾದವರ ಕಚೇರಿ ಬೇರೆ, ಜಿಡಿಆರ್‌ಎಫ್‌ಎ. ಎರಡನ್ನೂ ಕಲಸಬೇಡಿ.

ಅನುಮತಿಗೆ ಕಾರಣ ಬೇಕು, ಕಾರಣಕ್ಕೆ ದಾಖಲೆ ಬೇಕು. ಅಪ್ಪನ ಆಸ್ಪತ್ರೆ ಕಾಗದ, ವಿಮಾನ ರದ್ದಾದ ಮೆಸೇಜು, ಕಂಪನಿಗೆ ಬರೆದ ಇಮೇಲು. ‘ಫೋರ್‌ಮನ್‌ಗೆ ಫೋನಲ್ಲಿ ಹೇಳಿದ್ದೇನೆ’ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಫೋರ್‌ಮನ್ ನಾಳೆ ಬೇರೆ ಕಂಪನಿಯಲ್ಲಿರುತ್ತಾನೆ. ಸರಿಯಾದ ಕಾರಣವಿಲ್ಲದೆ ಸತತ 7 ದಿನಕ್ಕಿಂತ ಜಾಸ್ತಿ ಬರದಿದ್ದರೆ ನೋಟಿಸ್ ಕೊಡದೆಯೇ ಕೆಲಸದಿಂದ ತೆಗೆಯಲು ಅಲ್ಲಿನ ಕಾನೂನಿನಲ್ಲಿ ಅವಕಾಶ ಇದೆ. ರಜೆ ಮುಂದುವರಿಸಿದ್ದೇವೆ ಅಂತ ಎಚ್‌ಆರ್‌ನವರಿಂದ ಎರಡು ಸಾಲು ಬರೆಸಿಕೊಳ್ಳಿ. ಇವತ್ತೇ.

ಏಜೆಂಟರ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2020ರಲ್ಲಿ ಯುಎಇಯ ಸರಕಾರಿ ವೆಬ್‌ಸೈಟಿನಲ್ಲಿ ನಿಮ್ಮ ಐಡಿ ನಂಬರ್ ಹಾಕಿದರೆ ಹಸಿರೋ ಕೆಂಪೋ ಬರುತ್ತಿತ್ತು. ಹಸಿರು ಬಂದರೆ ಹೊರಡಬಹುದು. ನೋಡಲು ಪೈಸೆ ಖರ್ಚಿಲ್ಲ. ನಮ್ಮ ಕಡೆಯ ಹುಡುಗನೊಬ್ಬ 35 ಸಾವಿರ ಕೊಟ್ಟು ‘ಹಸಿರು ಮಾಡಿಸಿಕೊಂಡು’ ಬಂದ. ಸ್ಕ್ರೀನ್‌ಶಾಟ್ ತೋರಿಸಿದ. ಅವನ ನಂಬರನ್ನು ನಾನೇ ಹಾಕಿ ನೋಡಿದೆ. ಕೆಂಪು! ಬೇರೆ ಯಾರದ್ದೋ ಹಸಿರಿನ ಮೇಲೆ ಇವನ ನಂಬರ್ ಕೂರಿಸಿದ್ದರು. ಏಜೆಂಟ್ ಆಮೇಲೆ ಫೋನೇ ಎತ್ತಲಿಲ್ಲ. ಒಂದು ದೇಶವೇ ಹಾಕಿದ ಬಾಗಿಲನ್ನು ಪೇಟೆಯ ಅಂಗಡಿಯಲ್ಲಿ ಕೂತವನು ಹೇಗೆ ತೆಗೆಸುತ್ತಾನೆ?

ಪ್ರಶ್ನೆ: ಸೌದಿಯಲ್ಲಿ ಡ್ರೈವರ್. ನನಗೂ ಆರು ತಿಂಗಳ ಲೆಕ್ಕವೇ?

ಅಲ್ಲ. ನಿಮಗೆ ಖುರೂಜ್ ಔದಾದ ತಾರೀಕೇ ಗಡುವು. ನೀವು ಊರಲ್ಲಿದ್ದರೂ ಕಫೀಲ್ (ನಿಮ್ಮ ವೀಸಾದ ಮಾಲೀಕ) ಅದನ್ನು ಆನ್‌ಲೈನಿನಲ್ಲೇ ಮುಂದೆ ಹಾಕಬಹುದು. ಮುಗಿದ ಮೇಲೆ ಅಳುವುದಕ್ಕಿಂತ ಮುಗಿಯುವ ಮೊದಲು ಪೀಡಿಸಿ. ಊರಲ್ಲಿ ಪಾಸ್‌ಪೋರ್ಟ್ ಹೊಸದು ಮಾಡಿಸಿದ್ದರೆ ನಖಲ್ ಮಾಲೂಮಾತ್ ಮಾಡಿಸಿ, ಅಂದರೆ ಹಳೆ ಪಾಸ್‌ಪೋರ್ಟಿನ ವಿವರ ಹೊಸದಕ್ಕೆ ವರ್ಗಾಯಿಸಿ.

ಪ್ರಶ್ನೆ: ಕುವೈತ್‌ನಲ್ಲಿ ಮನೆಕೆಲಸ. ಆರು ತಿಂಗಳು ಊರಲ್ಲಿರಬಹುದಾ?

ಇಲ್ಲ ಅಕ್ಕ. ಮನೆಕೆಲಸದ ವೀಸಾಕ್ಕೆ 2025ರಿಂದ ನಾಲ್ಕೇ ತಿಂಗಳು. ಜಾಸ್ತಿ ಬೇಕಿದ್ದರೆ ಕಫೀಲ್ ಅರ್ಜಿ ಹಾಕಬೇಕು.

ಪ್ರಶ್ನೆ: ನೇರ ವಿಮಾನ ನಿಂತರೆ ಬೇರೆ ದೇಶಕ್ಕೆ ಹೋಗಿ ಅಲ್ಲಿಂದ ಹೋದರೆ ಹೇಗೆ?

2020ರಲ್ಲಿ ಕುವೈತ್‌ಗೆ ಹೊರಟವರು ದುಬೈಯಲ್ಲಿ 14 ದಿನ ಕೂತು ಹೋಗುತ್ತಿದ್ದರು. ಕೆಲವು ತಿಂಗಳು ನಡೆಯಿತು. 2021ರ ಫೆಬ್ರುವರಿ 7ಕ್ಕೆ ಕುವೈತ್ ವಿದೇಶಿಯರಿಗೆ ಬಾಗಿಲು ಹಾಕಿತು. ದುಬೈಯ ರೂಮುಗಳಲ್ಲಿ ದಿನ ಎಣಿಸುತ್ತಿದ್ದವರು ಅಲ್ಲೇ ಉಳಿದರು. ಬಾಡಿಗೆ, ಊಟ ಎಲ್ಲ ಸ್ವಂತ ಖರ್ಚು. ಸಾಲ ಮಾಡಿ ಈ ದಾರಿ ಹಿಡಿಯಬೇಡಿ.

ಪ್ರಶ್ನೆ: ಯುಎಇ ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಬಹುದಾ?

ಬೇಡ. ಸಿಕ್ಕಿಬಿದ್ದರೆ ಕಂಪನಿಯವರು ನಿಮ್ಮನ್ನು ಗುರುತೇ ಹಿಡಿಯುವುದಿಲ್ಲ.

ಪ್ರಶ್ನೆ: ವೀಸಾ ತಡೆ ನಿವಾರಣೆಗೆ ಒಬ್ಬರು ಪೂಜೆ ಮಾಡಿಸಿ ಅನ್ನುತ್ತಾರೆ, 11 ಸಾವಿರ.

ಹರಕೆ ಹೊರುವುದಿದ್ದರೆ ನಿಮ್ಮ ಊರಿನ ದೇವಸ್ಥಾನದಲ್ಲಿ ಪುಕ್ಕಟೆ ಹೊರಬಹುದಲ್ಲ.

ಪ್ರಶ್ನೆ: ದುಬೈ ವೀಸಾ ಹೋಯಿತು. ಒಂಬತ್ತು ವರ್ಷದ ಗ್ರಾಚ್ಯುಟಿಯೂ ಹೋಯಿತಾ?

ಹೋಗಿಲ್ಲ. ವೀಸಾ ಬೇರೆ, ಗ್ರಾಚ್ಯುಟಿ ಬೇರೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್ (ಮೂಲ ಸಂಬಳ), ಆಮೇಲಿನ ವರ್ಷಗಳಿಗೆ 30 ದಿನದ್ದು. ಕೆಲಸ ಮುಗಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಬೇಸಿಕ್ ಎಷ್ಟು ಅಂತ ನೀವು ಬರೆದೇ ಇಲ್ಲ. ಮೊದಲು ಆಫರ್ ಲೆಟರ್ ಹುಡುಕಿ, ಆಮೇಲೆ ಬರೆಯಿರಿ.